ಕಡತ ಬದಲಾದುದು ಸರ್ವರಿಗೆ ತಿಳಿಯುವ ಬಗೆ

ಜಾಲತಾಣವೊಂದನ್ನು ಸಿದ್ಧಪಡಿಸುತ್ತಿರುವ ತಂತ್ರಜ್ಞರು ತಮ್ಮ ಗಣಕದಲ್ಲಿ ಒಂದು ಸಾಲನ್ನು ತಿದ್ದಿ, ಕಡತವನ್ನು ಉಳಿಸಿ, ಬ್ರೌಸರಿಗೆ ಮರಳುವಷ್ಟರಲ್ಲಿ ತಿದ್ದಿದ ಪುಟ ಅಲ್ಲಿ ಸಿದ್ಧವಾಗಿರುತ್ತದೆ. ನಡುವಿನ ಒಂದೆರಡು ಸೆಕೆಂಡುಗಳಲ್ಲಿ ಹಳೆಯ ಪ್ರೋಗ್ರಾಮು ನಿಂತು, ಹೊಸದು ಆರಂಭಗೊಂಡಿರುತ್ತದೆ. ಅದನ್ನು ನಿಲ್ಲಿಸಿದವರೂ ಇಲ್ಲ, ಆರಂಭಿಸಿದವರೂ ಇಲ್ಲ. ಆಟೋ ರೀಲೋಡ್ ಎಂದು ಕರೆಯಲಾಗುವ ಈ ಸೌಲಭ್ಯ ಸರಿಯಾಗಿ ನಡೆಯುವಾಗ ಯಾರ ಗಮನಕ್ಕೂ ಬರುವುದಿಲ್ಲ. ನಡೆದಂತೆ ತೋರಿ ನಡೆಯದಿದ್ದಾಗ ಮಾತ್ರ ಪೇಚು. ತಿದ್ದಿದ ಸಾಲೇ ತಪ್ಪಿರಬೇಕೆಂದು ಭಾವಿಸಿ, ಸರಿಯಾಗಿದ್ದುದನ್ನು ಮತ್ತೆ ಮತ್ತೆ ತಿದ್ದಿ ಕೆಡಿಸುವುದರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರಿಗೆ ಇನ್ನೊಂದು ತೊಡಕೂ ಕಾದಿರುತ್ತದೆ.

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಮಳೆಯ ಪ್ರಮಾಣ, ಕೆರೆಗಳ ನೀರಿನ ಮಟ್ಟ ಮತ್ತು ಮಾರುಕಟ್ಟೆ ಧಾರಣೆಗಳನ್ನು ತಿಳಿಸುವ ಒಂದು ಸಣ್ಣ ಜಾಲತಾಣವಿದೆ ಎಂದುಕೊಳ್ಳೋಣ. ತಾಲ್ಲೂಕಿಗೊಂದರಂತೆ ಮಾಹಿತಿಯ ಮೂರು ಕಡತಗಳು. ಪ್ರತಿ ಕಡತಕ್ಕೂ ಆಯಾ ಊರಿನ ಹೆಸರು, ಕನ್ನಡ ಲಿಪಿಯಲ್ಲಿಯೇ. ಸರ್ವರ್ ಪ್ರೋಗ್ರಾಮು ಆರಂಭವಾಗುವಾಗ ಮೂರನ್ನೂ ಒಮ್ಮೆ ಓದಿಕೊಂಡು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ.

ಸಮಸ್ಯೆ ಹುಟ್ಟಿದ ಬಗೆ

ಜಾಲದ ಆರಂಭದ ದಿನಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. 1993ರಲ್ಲಿ ರೂಪುಗೊಂಡ ಸಿಜಿಐ ಪದ್ಧತಿಯಲ್ಲಿ ಓದುಗರಿಂದ ಬಂದ ಪ್ರತಿಯೊಂದು ಕೋರಿಕೆಗೂ ಪ್ರೋಗ್ರಾಮು ಹೊಸದಾಗಿ ಹುಟ್ಟಿ, ಕೆಲಸ ಮುಗಿಸಿ, ಸಾಯುತ್ತಿತ್ತು. ಕಡತವನ್ನು ತಿದ್ದಿದರೆ ಮುಂದಿನ ಕೋರಿಕೆಗೆ ಹೊಸ ಕಡತವೇ ಓಡುತ್ತಿತ್ತು. ಪಿಎಚ್‌ಪಿ ಭಾಷೆಯ ಜನಪ್ರಿಯತೆಗೆ ಈ ಸರಳತೆಯೂ ಒಂದು ಕಾರಣ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶವೂ ಪಿಎಚ್‌ಪಿಯದೇ.

ಆದರೆ ಪ್ರತಿ ಕೋರಿಕೆಗೂ ಒಲೆ ಹಚ್ಚಿ ಅಡುಗೆ ಮಾಡುವುದು ದುಬಾರಿ. 1990ರ ದಶಕದ ಉತ್ತರಾರ್ಧದಲ್ಲಿ ಮಾಡ್‌ಪರ್ಲ್ ಮತ್ತು ಜಾವಾ ಸರ್ವ್ಲೆಟ್‌ಗಳು, ಬಳಿಕ ಪೈಥಾನ್, ರೂಬಿ ಹಾಗೂ ನೋಡ್‌ಜೆಎಸ್ ಆಧಾರಿತ ತಂತ್ರಾಂಶಗಳು ಇನ್ನೊಂದು ದಾರಿ ಹಿಡಿದವು. ಪ್ರೋಗ್ರಾಮನ್ನು ಒಮ್ಮೆ ಮೆಮೊರಿಗೆ ತಂದು, ದಿನಗಟ್ಟಲೆ ಅಲ್ಲಿಯೇ ಇರಿಸಿ, ಬಂದ ಕೋರಿಕೆಗಳಿಗೆಲ್ಲ ಅದರಿಂದಲೇ ಉತ್ತರ ಕೊಡಿಸುವುದು. ವೇಗ ಬಹಳ ಹೆಚ್ಚಿತು. ಜೊತೆಗೆ ಡಿಸ್ಕಿನಲ್ಲಿರುವುದು ಒಂದು, ಓಡುತ್ತಿರುವುದು ಇನ್ನೊಂದು ಎಂಬ ಸ್ಥಿತಿಯೂ ಹುಟ್ಟಿತು. ಮೊದಲ ಓದಿನ ಬಳಿಕ ಪ್ರೋಗ್ರಾಮು ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಿಎಚ್‌ಪಿ ಕೂಡ ಕೊನೆಗೆ ಇದಕ್ಕೆ ಹೊರತಾಗಿ ಉಳಿಯಲಿಲ್ಲ. 2013ರ 5.5ನೇ ಆವೃತ್ತಿಯೊಂದಿಗೆ ಬಂದ ಆಪ್‌ಕ್ಯಾಶ್ ಎಂಬ ಅಂಗವು ಸಿದ್ಧಗೊಳಿಸಿದ ಕೋಡನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಬೇರೆ ಸೂಚನೆ ಇಲ್ಲದಿದ್ದರೆ, 2 ಸೆಕೆಂಡಿಗೊಮ್ಮೆ ಮಾತ್ರ ಕಡತದ ಸಮಯವನ್ನು ಪರಿಶೀಲಿಸುತ್ತದೆ.

ಹೋಗಿ ನೋಡುವ ವಿಧಾನ

ಕಡತ ಬದಲಾದುದನ್ನು ತಿಳಿಯಲು ಇರುವ ದಾರಿಗಳು ಮೂಲತಃ ಎರಡೇ. ಕಡೂರು ತಾಲ್ಲೂಕಿನ ಮದಗದ ಕೆರೆಯಂತಹ ದೊಡ್ಡ ಕೆರೆಯೊಂದರ ನೀರಗಂಟಿಯನ್ನು ನೆನೆದರೆ ಎರಡೂ ಅರ್ಥವಾಗುತ್ತವೆ. ಮಳೆಗಾಲದಲ್ಲಿ ನೀರಗಂಟಿಯು ಗಂಟೆಗೊಮ್ಮೆ ಏರಿಯ ಮೇಲೆ ನಡೆದು ನೀರಿನ ಮಟ್ಟ ನೋಡಿ ಬರಬಹುದು. ಇಲ್ಲವೇ ಕೋಡಿಯ ಬಳಿ ಒಬ್ಬನನ್ನು ಕೂರಿಸಿ, ನೀರು ಹರಿಯತೊಡಗಿದ ಕೂಡಲೇ ಓಡಿ ಬಂದು ಹೇಳು ಎನ್ನಬಹುದು.

ಮೊದಲನೆಯದಕ್ಕೆ ತಂತ್ರಜ್ಞರ ಹೆಸರು ಪೋಲಿಂಗ್. ಕಾರ್ಯಾಚರಣ ವ್ಯವಸ್ಥೆಯು ಪ್ರತಿ ಕಡತದ ಕೊನೆಯ ತಿದ್ದುಪಡಿಯ ಸಮಯವನ್ನು ಬರೆದಿಟ್ಟಿರುತ್ತದೆ. ಕಾವಲು ಪ್ರೋಗ್ರಾಮು ಆ ಸಮಯವನ್ನು ಆಗಾಗ ಕೇಳಿ, ತಾನು ಹಿಂದೆ ಗುರುತು ಹಾಕಿಕೊಂಡಿದ್ದ ಸಮಯದೊಡನೆ ಹೋಲಿಸುತ್ತದೆ. ಈ ಆಲೋಚನೆ ಜಾಲಕ್ಕಿಂತ ಹಳೆಯದು. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಎಂಬ ತಂತ್ರಾಂಶವು ಆಕರ ಕಡತದ ಸಮಯವನ್ನೂ ಅದರಿಂದ ಸಿದ್ಧಗೊಂಡ ಕಡತದ ಸಮಯವನ್ನೂ ಹೋಲಿಸಿ, ಯಾವುದನ್ನು ಮತ್ತೆ ಸಿದ್ಧಪಡಿಸಬೇಕೆಂದು ನಿರ್ಧರಿಸುತ್ತಿತ್ತು. 2005ರಲ್ಲಿ ಬಿಡುಗಡೆಯಾದ ಜ್ಯಾಂಗೊ ಎಂಬ ಪೈಥಾನ್ ಚೌಕಟ್ಟಿನ ಅಭಿವೃದ್ಧಿ ಸರ್ವರ್, ವಿಶೇಷ ಏರ್ಪಾಡು ಮಾಡಿಕೊಳ್ಳದಿದ್ದರೆ, ಇಂದಿಗೂ ಸೆಕೆಂಡಿಗೊಮ್ಮೆ ಹೀಗೆಯೇ ಸುತ್ತು ಹಾಕುತ್ತದೆ.

ಮೂರು ಕಡತಗಳಾದರೆ ಇದು ಲೆಕ್ಕಕ್ಕೇ ಇಲ್ಲ. ಹತ್ತಾರು ಸಾವಿರ ಕಡತಗಳಾದಾಗ ಸುಮ್ಮನೆ ಕುಳಿತ ಗಣಕವೂ ಬಿಸಿಯಾಗಿ, ಮಡಿಲ ಗಣಕದ ಬ್ಯಾಟರಿ ಬೇಗ ಬರಿದಾಗುತ್ತದೆ. ವಿದ್ಯುತ್ತು ಆಗಾಗ ಕೈಕೊಡುವ ಊರಿನಲ್ಲಿ ಕುಳಿತು ಕೆಲಸ ಮಾಡುವವರಿಗೆ ಇದು ಸಣ್ಣ ಮಾತಲ್ಲ.

ಸಮಯವನ್ನು ನಂಬುವುದರಲ್ಲಿ ಬೇರೊಂದು ಅಪಾಯವೂ ಇದೆ. ಎಲ್ಲ ಡಿಸ್ಕುಗಳೂ ಸಮಯವನ್ನು ಒಂದೇ ನಿಖರತೆಯಲ್ಲಿ ಬರೆದಿಡುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದ ಫ್ಯಾಟ್ ಪದ್ಧತಿಯಲ್ಲಿ ತಿದ್ದುಪಡಿಯ ಸಮಯದ ಅತಿ ಸಣ್ಣ ಅಳತೆಯೇ 2 ಸೆಕೆಂಡು. ಲಿನಕ್ಸಿನ ಹಳೆಯ ಎಕ್ಸ್‌ಟಿ3ಯಲ್ಲಿ 1 ಸೆಕೆಂಡು. ಕಡೂರಿನ ಮಳೆಯನ್ನು 12 ಮಿಲಿಮೀಟರ್ ಎಂದು ತಪ್ಪಾಗಿ ಬರೆದು ಉಳಿಸಿ, ಅದೇ ಸೆಕೆಂಡಿನೊಳಗೆ 21 ಎಂದು ತಿದ್ದಿ ಮತ್ತೆ ಉಳಿಸಿದರೆ ಕಡತದ ಸಮಯವೂ ಅದೇ, ಗಾತ್ರವೂ ಅದೇ. ಎರಡು ಉಳಿಕೆಗಳ ನಡುವೆ ಕಾವಲಿನವನು ಬಂದು ಹೋಗಿದ್ದರೆ ಎರಡನೆಯ ತಿದ್ದುಪಡಿ ಅವನ ಪಾಲಿಗೆ ನಡೆದೇ ಇಲ್ಲ. ಕೈಯಿಂದ ಬೆರಳಚ್ಚು ಮಾಡುವವರು ಇಷ್ಟು ಚುರುಕಾಗಿರುವುದು ಅಪರೂಪವಾದರೂ, ಒಂದು ಪ್ರೋಗ್ರಾಮು ಇನ್ನೊಂದು ಪ್ರೋಗ್ರಾಮಿನ ಕಡತವನ್ನು ಬರೆಯುವಾಗ ಇದು ಅಪರೂಪವಲ್ಲ. ಪೈಥಾನ್ ಭಾಷೆ ಸಿದ್ಧ ಕೋಡಿನ ಕಡತಗಳಲ್ಲಿ ಆಕರ ಕಡತದ ಸಮಯವನ್ನೂ ಗಾತ್ರವನ್ನೂ ಬರೆದಿಡುತ್ತಿತ್ತು. 2018ರ 3.7ನೇ ಆವೃತ್ತಿಯಲ್ಲಿ ಸಮಯಕ್ಕೆ ಬದಲಾಗಿ ಕಡತದ ಒಳಗಿನ ಪಠ್ಯದಿಂದಲೇ ಲೆಕ್ಕಹಾಕಿದ ಮುದ್ರೆಯನ್ನು ಬಳಸುವ ಆಯ್ಕೆಯನ್ನೂ ಸೇರಿಸಲಾಯಿತು.

ಹಳೆಯ ಪ್ರತಿಯನ್ನು ಮರಳಿ ತಂದಾಗ ಇನ್ನೊಂದು ವಿಚಿತ್ರ ನಡೆಯಬಹುದು. ಹಳೆಯ ಸಮಯವನ್ನು ಉಳಿಸಿಕೊಂಡೇ ಕಡತವನ್ನು ನಕಲಿಸಿದರೆ ತಿದ್ದುಪಡಿಯ ಸಮಯ ಹಿಂದಕ್ಕೆ ಸರಿಯುತ್ತದೆ. ಹೊಸದಾಗಿದೆಯೇ ಎಂದು ಕೇಳುವ ಕಾವಲು ಇಲ್ಲಿ ಸೋಲುತ್ತದೆ; ಬೇರೆಯಾಗಿದೆಯೇ ಎಂದು ಕೇಳುವ ಕಾವಲು ಗೆಲ್ಲುತ್ತದೆ. ಮೇಕ್ ಮೊದಲನೆಯ ಪ್ರಶ್ನೆಯನ್ನು ಕೇಳುವಂಥದು.

ಬಂದು ಹೇಳುವ ವಿಧಾನ

ಎರಡನೆಯ ದಾರಿಯಲ್ಲಿ ಕಾರ್ಯಾಚರಣ ವ್ಯವಸ್ಥೆಯೇ ಕೋಡಿಯ ಬಳಿ ಕುಳಿತವನು. ಕಡತವನ್ನು ಬರೆಯುವ ಪ್ರತಿಯೊಂದು ಕೆಲಸವೂ ಅದರ ಮೂಲಕವೇ ನಡೆಯಬೇಕಾದ್ದರಿಂದ ಬದಲಾವಣೆ ಮೊದಲು ತಿಳಿಯುವುದೂ ಅದಕ್ಕೇ. 2000ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಗೆ ಕೆಕ್ಯೂ ಎಂಬ ಏರ್ಪಾಡು ಬಂದಿತು. ವಿಂಡೋಸ್‌ನಲ್ಲಿ ಎನ್‌ಟಿಯ ಕಾಲದಿಂದಲೂ ಇಂತಹ ಸೌಲಭ್ಯ ಇದೆ. ಆಪಲ್ 2007ರಲ್ಲಿ ಲೆಪರ್ಡ್ ಆವೃತ್ತಿಯೊಂದಿಗೆ ಎಫ್‌ಎಸ್‌ಇವೆಂಟ್ಸ್ ಅನ್ನು ಅಭಿವೃದ್ಧಿಕಾರರಿಗೆ ನೀಡಿತು. ಲಿನಕ್ಸಿನಲ್ಲಿ ಮೊದಲು ಬಂದ ಡಿನೋಟಿಫೈಗೆ ಒಂದು ವಿಚಿತ್ರ ದೌರ್ಬಲ್ಯವಿತ್ತು. ಕಾವಲಿರುವ ಪ್ರತಿ ಕಡತಕೋಶವನ್ನೂ ಅದು ತೆರೆದೇ ಇಟ್ಟುಕೊಳ್ಳಬೇಕಿದ್ದುದರಿಂದ ಪೆನ್‌ಡ್ರೈವನ್ನು ಸುರಕ್ಷಿತವಾಗಿ ಕಳಚಲು ಬಿಡುತ್ತಿರಲಿಲ್ಲ. ಅದನ್ನು ಹಿಂದಿಕ್ಕಿದ ಐನೋಟಿಫೈ 2005ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 2.6.13ನೇ ಆವೃತ್ತಿಯ ಕರ್ನೆಲ್‌ನಲ್ಲಿ ಸೇರಿತು. ಸರ್ವರುಗಳಲ್ಲಿ ಬಹುಪಾಲು ಲಿನಕ್ಸಿನವೇ ಆಗಿರುವುದರಿಂದ ಇದರ ಮಿತಿಗಳನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳಿತು.

ಐನೋಟಿಫೈ ಒಂದು ಕಡತಕೋಶವನ್ನು ಕಾಯುತ್ತದೆಯೇ ಹೊರತು ಅದರೊಳಗಿನ ಉಪಕೋಶಗಳನ್ನು ತಾನಾಗಿ ಕಾಯುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾವಲು ಹಾಕಬೇಕು. ಒಬ್ಬ ಬಳಕೆದಾರರಿಗೆ ಬಹುಕಾಲ ಇದ್ದ ಸಹಜ ಮಿತಿ 8192 ಕಾವಲುಗಳು. ಇಂದಿನ ಜಾವಾಸ್ಕ್ರಿಪ್ಟ್ ಯೋಜನೆಗಳಲ್ಲಿ ಎರವಲು ಕೋಡಿನ ಕಡತಕೋಶಗಳೇ ಇದನ್ನು ಮೀರುವುದುಂಟು. ಆಗ ಬರುವ ದೋಷ ಸಂದೇಶವು ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಹೇಳುತ್ತದೆ! ಜಾಗ ಧಾರಾಳವಾಗಿರುತ್ತದೆ, ಮುಗಿದಿರುವುದು ಕಾವಲುಗಳ ಲೆಕ್ಕ. ಈ ಸಂದೇಶವನ್ನು ನಂಬಿ ಅಳಿಸಬಾರದ ಕಡತಗಳನ್ನು ಅಳಿಸಿದರೆ ನಷ್ಟವೇ ಹೊರತು ಲಾಭವಿಲ್ಲ. 2021ರಲ್ಲಿ ಬಂದ 5.11ನೇ ಕರ್ನೆಲ್‌ನಿಂದ ಈ ಮಿತಿ ಗಣಕದ ಮೆಮೊರಿಯ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ.

ಕಡತವನ್ನು ಉಳಿಸುವ ಕ್ರಿಯೆಯೂ ಹೊರಗೆ ಕಾಣುವಷ್ಟು ಸರಳವಲ್ಲ. ಹಲವು ಸಂಪಾದಕ ತಂತ್ರಾಂಶಗಳು, ವಿದ್ಯುತ್ತು ಹೋದರೂ ಪಠ್ಯ ಉಳಿಯಲೆಂದು, ಹೊಸ ಪಠ್ಯವನ್ನು ತಾತ್ಕಾಲಿಕ ಕಡತವೊಂದಕ್ಕೆ ಬರೆದು, ಆಮೇಲೆ ಅದಕ್ಕೆ ಹಳೆಯ ಹೆಸರನ್ನು ಇಡುತ್ತವೆ. ಹೆಸರು ಅದೇ ಆದರೂ ಡಿಸ್ಕಿನ ದೃಷ್ಟಿಯಲ್ಲಿ ಇದು ಬೇರೆಯೇ ಕಡತ. ಹಳೆಯ ಕಡತಕ್ಕೆ ಹಾಕಿದ್ದ ಕಾವಲು ಅದರೊಂದಿಗೇ ಹೋಗುತ್ತದೆ. ಮೊದಲ ಸಲ ಉಳಿಸಿದಾಗ ಸರಿಯಾಗಿ ನಡೆದ ರೀಲೋಡು ಎರಡನೆಯ ಸಲಕ್ಕೆ ನಡೆಯಲಿಲ್ಲವೆಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಆದ್ದರಿಂದ ಚೆನ್ನಾಗಿ ಬರೆದ ಕಾವಲು ತಂತ್ರಾಂಶಗಳು ಕಡತವನ್ನಲ್ಲ, ಕಡತವಿರುವ ಕೋಶವನ್ನು ಕಾಯುತ್ತವೆ. ಹೀಗೆ ಒಂದೇ ಉಳಿಕೆಯಿಂದ ಮೂರು ನಾಲ್ಕು ಸೂಚನೆಗಳು ಹೊರಡುವುದರಿಂದ, ಮೊದಲ ಸೂಚನೆ ಬಂದ ಮೇಲೆ ಸೆಕೆಂಡಿನ ಒಂದು ಭಾಗದಷ್ಟು ಕಾಯ್ದು, ಗದ್ದಲ ಅಡಗಿದ ನಂತರ ಒಮ್ಮೆ ಮಾತ್ರ ರೀಲೋಡು ಮಾಡುವುದೂ ವಾಡಿಕೆ.

ಹೊಸ ಕಡತದ ವಿಷಯವೂ ಇಲ್ಲಿಯೇ ಬರುತ್ತದೆ. ಅಜ್ಜಂಪುರ ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಈಗ ಅದು ಪ್ರತ್ಯೇಕ ತಾಲ್ಲೂಕು. ಉದಾಹರಣೆಯ ಜಾಲತಾಣ ಮೊದಲು ಎರಡೇ ಕಡತಗಳೊಂದಿಗೆ ಆರಂಭವಾಗಿ, ತಾಲ್ಲೂಕು ಬೇರ್ಪಟ್ಟ ಮೇಲೆ ಮೂರನೆಯ ಕಡತ ಸೇರಿತೆಂದಾದರೆ, ಆರಂಭದಲ್ಲಿ ಸಿದ್ಧವಾದ ಪಟ್ಟಿಯನ್ನಷ್ಟೇ ಹಿಡಿದು ಸುತ್ತುವ ಕಾವಲಿಗೆ ಅಜ್ಜಂಪುರ ಕಾಣಿಸುವುದೇ ಇಲ್ಲ. ಕೋಶವನ್ನು ಕಾಯುವ ವಿಧಾನದಲ್ಲಿ ಹೊಸ ಕಡತ ಹುಟ್ಟಿದ್ದೂ ಒಂದು ಸೂಚನೆಯಾಗಿ ಬರುತ್ತದೆ.

ಕಡತಗಳು ಜಾಲದ ಆಚೆ ಇನ್ನೊಂದು ಗಣಕದಲ್ಲಿದ್ದರೆ ಈ ವಿಧಾನ ಕೈಚೆಲ್ಲುತ್ತದೆ. ಆಚೆಯ ಗಣಕದಲ್ಲಿ ನಡೆದ ಬರವಣಿಗೆ ಈಚೆಯ ಕರ್ನೆಲ್‌ನ ಮೂಲಕ ಹಾದುಹೋಗುವುದಿಲ್ಲ. ಹಾಗಾಗಿ ಹೇಳಲು ಅದಕ್ಕೆ ಏನೂ ಇರುವುದಿಲ್ಲ. ಒಂದೇ ಗಣಕದೊಳಗಿನ ವರ್ಚುವಲ್ ಯಂತ್ರಗಳಿಗೆ ಹಂಚಿಕೊಟ್ಟ ಕೋಶಗಳಲ್ಲಿಯೂ ಇದೇ ಪಾಡು ಎದುರಾಗಬಹುದು. ಇಂತಹ ಕಡೆ ಹಳೆಯ ನೀರಗಂಟಿಯೇ ಗತಿ. ಅನೇಕ ತಂತ್ರಾಂಶಗಳಲ್ಲಿ ಪೋಲಿಂಗ್‌ಗೆ ಮರಳುವ ಆಯ್ಕೆ ಇಂದಿಗೂ ಉಳಿದಿರುವುದು ಇದೇ ಕಾರಣಕ್ಕೆ.

ಹೆಸರಿನಲ್ಲಿಯೇ ಅಡಗಿದ ಬದಲಾವಣೆ

ಈಗ ಕನ್ನಡಕ್ಕೆ ವಿಶೇಷವಾದ ತೊಡಕು. ಮೂರು ಊರುಗಳ ಹೆಸರುಗಳಲ್ಲಿ ಕಡೂರು ಮತ್ತು ಅಜ್ಜಂಪುರ ಎಂಬವನ್ನು ಯೂನಿಕೋಡ್‌ನಲ್ಲಿ ಬರೆಯಲು ಒಂದೇ ಕ್ರಮ ಇದೆ. ತರೀಕೆರೆಯನ್ನು ಬರೆಯಲು ಎರಡು ಕ್ರಮಗಳಿವೆ. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ.

ಕಾರಣ ‘ರೀ’ ಅಕ್ಷರದಲ್ಲಿದೆ. ಪ್ರಾಥಮಿಕ ಶಾಲೆಯಲ್ಲಿ ಈ ಚಿಹ್ನೆಗೆ ಗುಡಿಸಿನ ದೀರ್ಘ ಎಂಬ ಹೆಸರು. ಯೂನಿಕೋಡ್ ಅದಕ್ಕೊಂದು ಸ್ವತಂತ್ರ ಸಂಕೇತವನ್ನು ಕೊಟ್ಟಿದೆ. ಅದೇ ವೇಳೆ ಶಾಲೆಯ ಮಾತನ್ನು ಅಕ್ಷರಶಃ ಒಪ್ಪಿಕೊಂಡಂತೆ, ಗುಡಿಸು ಒಂದು, ದೀರ್ಘದ ಚಿಹ್ನೆ ಇನ್ನೊಂದು ಎಂದು ಎರಡು ಸಂಕೇತಗಳಾಗಿ ಬಿಡಿಸಿ ಬರೆದರೂ ಸಮಾನವೇ ಎಂದು ವಿಧಿಸಿದೆ. ಬಿಡಿಸದ ರೂಪದಲ್ಲಿ ತರೀಕೆರೆಗೆ 7 ಸಂಕೇತಗಳು, ಯುಟಿಎಫ್-8 ಬರಹದಲ್ಲಿ 21 ಬೈಟುಗಳು. ಬಿಡಿಸಿದ ರೂಪದಲ್ಲಿ 8 ಸಂಕೇತಗಳು, 24 ಬೈಟುಗಳು. ಏತ್ವ, ಐತ್ವ, ಒತ್ವ ಮತ್ತು ಓತ್ವದ ಚಿಹ್ನೆಗಳಿಗೂ ಇದೇ ನಿಯಮ. ಓತ್ವವಂತೂ ಮೂರು ತುಂಡಾಗುತ್ತದೆ. ಆದ್ದರಿಂದ ಬೀರೂರು, ಶಿವಮೊಗ್ಗ, ಮೈಸೂರು, ಕೋಲಾರ ಇವೆಲ್ಲ ತರೀಕೆರೆಯ ಸಾಲಿಗೇ ಸೇರುತ್ತವೆ. ಬೆಂಗಳೂರು ಮತ್ತು ಚಿಕ್ಕಮಗಳೂರು ಪಾರಾಗುತ್ತವೆ.

ಕನ್ನಡದ ಕೀಲಿಮಣೆ ತಂತ್ರಾಂಶಗಳು ಸಾಮಾನ್ಯವಾಗಿ ಬಿಡಿಸದ ರೂಪವನ್ನೇ ಮೂಡಿಸುತ್ತವೆ. ಆದರೆ 1998ರಿಂದ ಬಳಕೆಗೆ ಬಂದ ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಪದ್ಧತಿಯು ಕಡತಗಳ ಹೆಸರುಗಳನ್ನು ಬಿಡಿಸಿದ ರೂಪಕ್ಕೆ ತಿರುಗಿಸಿಯೇ ಬರೆದಿಡುತ್ತಿತ್ತು. ಪರಿಣಾಮವನ್ನು ಊಹಿಸಬಹುದು. ಕಾಯಬೇಕಾದ ಕಡತಗಳ ಪಟ್ಟಿಯಲ್ಲಿ ತಂತ್ರಜ್ಞರು ಬೆರಳಚ್ಚು ಮಾಡಿದ ತರೀಕೆರೆ 21 ಬೈಟಿನದು. ವ್ಯವಸ್ಥೆಯಿಂದ ಬಂದ ಸೂಚನೆಯಲ್ಲಿರುವ ತರೀಕೆರೆ 24 ಬೈಟಿನದು. ಬೈಟಿಗೆ ಬೈಟನ್ನು ಹೋಲಿಸುವ ಪ್ರೋಗ್ರಾಮು ಇದು ಪಟ್ಟಿಯಲ್ಲಿಲ್ಲದ ಯಾವುದೋ ಕಡತವೆಂದು ಸೂಚನೆಯನ್ನು ಕಡೆಗಣಿಸುತ್ತದೆ. ಕಡೂರಿನ ಮಳೆ ತಿದ್ದಿದರೆ ಪುಟ ಬದಲಾಗುತ್ತದೆ, ಅಜ್ಜಂಪುರದ್ದು ತಿದ್ದಿದರೂ ಬದಲಾಗುತ್ತದೆ, ತರೀಕೆರೆಯಲ್ಲಿ ಮಾತ್ರ ನಿನ್ನೆಯ ಮಳೆಯೇ ನಿಂತಿರುತ್ತದೆ! ಹೋಗಿ ನೋಡುವ ವಿಧಾನದಲ್ಲಿ ಈ ಅಪಾಯ ಕಡಿಮೆ. ಕೇಳಿದ ಹೆಸರನ್ನು ಡಿಸ್ಕ್ ಪದ್ಧತಿಯೇ ತನ್ನ ರೂಪಕ್ಕೆ ತಿರುಗಿಸಿಕೊಂಡು ಹುಡುಕುತ್ತದೆ.

2017ರಲ್ಲಿ ಮ್ಯಾಕ್ ಗಣಕಗಳಿಗೆ ಬಂದ ಎಪಿಎಫ್‌ಎಸ್ ಪದ್ಧತಿಯು ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಟ್ಟುಕೊಳ್ಳುತ್ತದೆ. ಹಾಗೆಂದು ಸಮಸ್ಯೆ ಮುಗಿಯಲಿಲ್ಲ. ಹಳೆಯ ಡಿಸ್ಕಿನಿಂದ ಬಂದ ಕಡತಗಳು ಬಿಡಿಸಿದ ಹೆಸರಿನೊಡನೆಯೇ ಪ್ರಯಾಣ ಮಾಡುತ್ತಿರುತ್ತವೆ. ಲಿನಕ್ಸ್ ಸರ್ವರಿನಲ್ಲಿ ಹೆಸರೆಂದರೆ ಬೈಟುಗಳ ಸಾಲು, ಅಷ್ಟೇ. ಅಲ್ಲಿ ಒಂದೇ ಕೋಶದಲ್ಲಿ ತರೀಕೆರೆ ಎಂಬ ಎರಡು ಕಡತಗಳು ಅಕ್ಕಪಕ್ಕ ಕುಳಿತಿರಬಹುದು. ಒಂದನ್ನು ತಂತ್ರಜ್ಞರು ತಿದ್ದುತ್ತಿರುತ್ತಾರೆ, ಇನ್ನೊಂದನ್ನು ಸರ್ವರು ಓದುತ್ತಿರುತ್ತದೆ. ಪರಿಹಾರ ಕಷ್ಟದ್ದಲ್ಲ. ಹೋಲಿಸುವ ಮುನ್ನ ಎರಡೂ ಹೆಸರುಗಳನ್ನು ಯೂನಿಕೋಡ್ ವಿಧಿಸಿರುವ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ, ತಂದುಕೊಂಡರೆ ಸಾಕು. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದಕ್ಕೆ ಸಿದ್ಧ ಏರ್ಪಾಡಿದೆ. ಕೋಡಿನ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ತಂತ್ರಾಂಶದಲ್ಲಿ ಮ್ಯಾಕ್ ಬಳಕೆದಾರರಿಗಾಗಿ 2012ರಿಂದ ಇಂತಹ ಆಯ್ಕೆ ಇದೆ. ಊರಿನ ಹೆಸರನ್ನು ತರಿಕೆರೆ ಎಂದು ಹ್ರಸ್ವದಲ್ಲಿ ಬರೆದವರಿಗೆ ಮಾತ್ರ ಯೂನಿಕೋಡ್ ಯಾವ ನೆರವನ್ನೂ ನೀಡಲಾರದು.

ತಿಳಿದ ಮೇಲೆ ನಡೆಯುವುದು

ಬದಲಾವಣೆ ತಿಳಿದ ಮೇಲೆ ಓಡುತ್ತಿರುವ ಪ್ರೋಗ್ರಾಮು ತನ್ನನ್ನು ತಾನೇ ಪೂರ್ತಿ ಹೊಸದಾಗಿಸಿಕೊಳ್ಳುವುದು ಕಷ್ಟ. ಆದ್ದರಿಂದ ಜ್ಯಾಂಗೊ ಮತ್ತು ಫ್ಲಾಸ್ಕ್‌ನ ಅಭಿವೃದ್ಧಿ ಸರ್ವರುಗಳು ಎರಡು ಪ್ರಕ್ರಿಯೆಗಳಾಗಿ ಓಡುತ್ತವೆ. ತಾಯಿ ಪ್ರಕ್ರಿಯೆಗೆ ಒಂದೇ ಕೆಲಸ, ಮಗು ಸತ್ತರೆ ಇನ್ನೊಂದನ್ನು ಹುಟ್ಟಿಸುವುದು. ಜಾಲತಾಣವನ್ನು ನಡೆಸುವುದೂ ಕಡತಗಳನ್ನು ಕಾಯುವುದೂ ಮಗುವಿನ ಪಾಲಿಗೆ. ಬದಲಾವಣೆ ಕಂಡ ಕೂಡಲೇ ಮಗು 3 ಎಂಬ ಸಂಖ್ಯೆಯನ್ನು ತಿಳಿಸಿ ನಿರ್ಗಮಿಸುತ್ತದೆ. ತಾಯಿಗೆ 3 ಎಂದರೆ ಮತ್ತೆ ಆರಂಭಿಸು ಎಂದರ್ಥ. ಬೇರೆ ಸಂಖ್ಯೆಯಾದರೆ ಅದೂ ಕೆಲಸ ಮುಗಿಸುತ್ತದೆ. ಆರಂಭದಲ್ಲಿ ನಡೆಯಬೇಕಾದ ಕೆಲಸಗಳು ಅಭಿವೃದ್ಧಿಯ ಹಂತದಲ್ಲಿ ಎರಡೆರಡು ಬಾರಿ ನಡೆಯುವುದು ಈ ಜೋಡಿ ಪ್ರಕ್ರಿಯೆಯಿಂದಲೇ. ಆರಂಭವಾದಾಗ ಮಿಂಚಂಚೆ ಕಳುಹಿಸುವ ಸಾಲೊಂದಿದ್ದರೆ ಎರಡು ಮಿಂಚಂಚೆಗಳು ಹೋಗುತ್ತವೆ.

ನೋಡ್‌ಜೆಎಸ್ ಬಳಗದಲ್ಲಿ ಈ ಕೆಲಸಕ್ಕೆ ನೋಡ್‌ಮನ್ ಎಂಬ ಪ್ರತ್ಯೇಕ ತಂತ್ರಾಂಶ ಬಹುಕಾಲ ಬಳಕೆಯಲ್ಲಿತ್ತು, ಈಗಲೂ ಇದೆ. 2022ರಿಂದ ನೋಡ್‌ನೊಳಗೇ ಇಂತಹ ಸೌಲಭ್ಯ ದೊರೆಯಿತು.

ಪುನರಾರಂಭದಲ್ಲಿ ಮೆಮೊರಿಯಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಬ್ರೌಸರಿನಲ್ಲಿ ಓಡುವ ಕೋಡಿಗೆ ವೆಬ್‌ಪ್ಯಾಕ್, ವೀಟ್ ಮೊದಲಾದವು ಬದಲಾದ ತುಂಡನ್ನಷ್ಟೇ ಕಳುಹಿಸಿ, ಅರ್ಧ ತುಂಬಿದ ಅರ್ಜಿ ನಮೂನೆ ಹಾಗೆಯೇ ಉಳಿಯುವಂತೆ ನೋಡಿಕೊಳ್ಳಲು ಯತ್ನಿಸುತ್ತವೆ. ಸರ್ವರಿನ ಬದಿಯಲ್ಲಿ ಇದನ್ನು ಗಂಭೀರವಾಗಿ ಸಾಧಿಸಿದ್ದು ಎರಿಕ್ಸನ್ ಕಂಪನಿಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ 1980ರ ದಶಕದಲ್ಲಿ ರೂಪುಗೊಂಡ ಅರ್ಲಾಂಗ್ ಭಾಷೆ. ಕರೆಗಳು ನಡೆಯುತ್ತಿರುವಾಗಲೇ ಕೋಡಿನ ಹಳೆಯ ಹಾಗೂ ಹೊಸ ಆವೃತ್ತಿಗಳೆರಡನ್ನೂ ಅದು ಒಟ್ಟಿಗೆ ಇರಿಸಿಕೊಳ್ಳಬಲ್ಲದು.

ಸಾರ್ವಜನಿಕರ ಮುಂದಿರುವ ಸರ್ವರಿನಲ್ಲಿ

ಇಷ್ಟು ಅನುಕೂಲದ ಸೌಲಭ್ಯವನ್ನು ಸಾರ್ವಜನಿಕ ಸರ್ವರಿನಲ್ಲಿಯೂ ಏಕೆ ಇಡಬಾರದೆಂಬ ಪ್ರಶ್ನೆ ಸಹಜ. ಹೊಸ ಆವೃತ್ತಿಯ ನೂರು ಕಡತಗಳನ್ನು ನಕಲಿಸುತ್ತಿರುವಾಗ ನಲವತ್ತನೆಯ ಕಡತಕ್ಕೇ ರೀಲೋಡು ನಡೆದರೆ ಅರ್ಧ ಹಳೆಯದು, ಅರ್ಧ ಹೊಸದಾದ ಪ್ರೋಗ್ರಾಮು ಜನರ ಮುಂದೆ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಫ್ಲಾಸ್ಕ್‌ನಲ್ಲಿ ರೀಲೋಡನ್ನು ಚಾಲೂ ಮಾಡುವ ಡಿಬಗ್ ಸ್ಥಿತಿಯೇ, ದೋಷ ಕಂಡಾಗ ಬ್ರೌಸರಿನಿಂದಲೇ ಪೈಥಾನ್ ಆದೇಶಗಳನ್ನು ಬರೆದು ಓಡಿಸುವ ಕಿಟಕಿಯನ್ನೂ ತೆರೆಯುತ್ತದೆ. ಅದಕ್ಕೆ ಪಿನ್ ಸಂಖ್ಯೆಯ ರಕ್ಷಣೆ ಇದ್ದರೂ ಸಾರ್ವಜನಿಕ ಸರ್ವರಿನಲ್ಲಿ ಅದನ್ನು ತೆರೆದಿಡುವುದು ಮನೆಯ ಬೀಗದ ಕೈಯನ್ನು ಹೊಸ್ತಿಲ ಮೇಲಿಟ್ಟು ಹೋದಂತೆ. ರೀಲೋಡು ಒಂದು ಸಾಕೆಂದು ಡಿಬಗ್ ಸ್ಥಿತಿಯನ್ನು ಹಾಗೆಯೇ ಬಿಟ್ಟ ತಾಣಗಳಿಗೆ ಅಪರಿಚಿತರು ಒಳನುಗ್ಗಲು ಇದೊಂದೇ ದಾರಿ ಸಾಕು.

ಹೀಗಾಗಿ ಸಾರ್ವಜನಿಕ ಸರ್ವರುಗಳು ಸಾಮಾನ್ಯವಾಗಿ ಕಡತಗಳನ್ನು ಕಾಯುವುದಿಲ್ಲ, ಆದೇಶಕ್ಕಾಗಿ ಕಾಯುತ್ತವೆ. ಪ್ಯಾಸೆಂಜರ್ ಎಂಬ ಸರ್ವರಿನಲ್ಲಿ ರೀಸ್ಟಾರ್ಟ್ ಎಂಬ ಹೆಸರಿನ ಒಂದೇ ಒಂದು ಕಡತದ ಸಮಯವನ್ನು ಬದಲಿಸುವುದು ಆದೇಶವೆನಿಸುತ್ತದೆ. ಎಲ್ಲ ಕಡತಗಳ ನಕಲು ಮುಗಿದ ಮೇಲೆ ಅದನ್ನು ಮುಟ್ಟಿದರಾಯಿತು. ಎಂಜಿನ್‌ಎಕ್ಸ್ ಸರ್ವರಿಗೆ ಸಂಕೇತವೊಂದನ್ನು ಕಳುಹಿಸಬೇಕು. ಆಗ ಅದರ ಮುಖ್ಯ ಪ್ರಕ್ರಿಯೆಯು ಹೊಸ ವ್ಯವಸ್ಥಾ ಕಡತವನ್ನು ಓದಿ ಪರಿಶೀಲಿಸುತ್ತದೆ. ಅದರಲ್ಲಿ ತಪ್ಪಿದ್ದರೆ ಹಳೆಯದರೊಂದಿಗೇ ಮುಂದುವರಿಯುತ್ತದೆ. ಸರಿಯಿದ್ದರೆ ಹೊಸ ಕೆಲಸಗಾರ ಪ್ರಕ್ರಿಯೆಗಳನ್ನು ಹುಟ್ಟಿಸಿ, ಹಳೆಯವಕ್ಕೆ ಹೊಸ ಕೋರಿಕೆಗಳನ್ನು ಕೊಡುವುದನ್ನು ನಿಲ್ಲಿಸುತ್ತದೆ. ಹಳೆಯ ಕೆಲಸಗಾರರು ಕೈಯಲ್ಲಿರುವ ಕೋರಿಕೆಗಳಿಗೆ ಉತ್ತರ ಕೊಟ್ಟು ಮುಗಿಸಿದ ಮೇಲೆಯೇ ಹೊರಡುತ್ತಾರೆ. ಆ ಹೊತ್ತಿನಲ್ಲಿ ತಾಣವನ್ನು ನೋಡುತ್ತಿದ್ದ ಓದುಗರಿಗೆ ಯಾವ ಅಡಚಣೆಯೂ ಕಾಣುವುದಿಲ್ಲ.